ಗ್ರೆಟ್ಸ್ಕಿ ಬಂದಿದ್ದಾನೆ, ಶ್ರೀಜೇಶ್ ಎಲ್ಲಿ?

ಪ್ರಶ್ನೆ: ನಾನು ಕಾಸರಗೋಡಿನ ಪೆರ್ಲದವನು, ಡಿಗ್ರಿ ಓದುತ್ತಿದ್ದೇನೆ. ಚಿಕ್ಕಂದಿನಿಂದ ಹಾಕಿ ಹುಚ್ಚು. ಗೋಲ್‌ಕೀಪರ್ ಪಿ. ಆರ್. ಶ್ರೀಜೇಶ್ ಎಂದರೆ ಪ್ರಾಣ. ಕೆನಡಾದಲ್ಲಿರುವ ಅತ್ತೆಯ ಮಗ ಊರಿಗೆ ಬಂದಾಗ ಐಸ್ ಹಾಕಿಯ ವೇಯ್ನ್ ಗ್ರೆಟ್ಸ್ಕಿಯ ಒಂದು ಆಕ್ಷನ್ ಫಿಗರ್ (ಆಟಗಾರನನ್ನೇ ಹೋಲುವ ಪ್ಲಾಸ್ಟಿಕ್ ಬೊಂಬೆ) ತಂದುಕೊಟ್ಟ. ಇನ್ನೂ ಪ್ಯಾಕ್ ಬಿಚ್ಚಿಲ್ಲ. ಅದನ್ನು ನೋಡಿದ ಮೇಲೆ ಇಂಥವನ್ನು ಕೂಡಿಡಬೇಕು ಅಂತ ಆಸೆಯಾಗಿದೆ. ಶ್ರೀಜೇಶ್ ಫಿಗರ್ ಎಲ್ಲಿ ಸಿಗುತ್ತದೆ? ಗ್ರೆಟ್ಸ್ಕಿಯ ಪ್ಯಾಕ್ ಬಿಚ್ಚಬಹುದಾ? ಮುಂದೆ ಬೆಲೆ ಬರುತ್ತದಾ? ಹೊರದೇಶದಿಂದ ತರಿಸುವುದು ಹೇಗೆ? ನಮ್ಮ ಮಳೆಗಾಲದಲ್ಲಿ ಹಾಳಾಗದ ಹಾಗೆ ಇಡುವುದು ಹೇಗೆ?

ಉತ್ತರ:

ಶ್ರೀಜೇಶ್ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಸಾಲಾಗಿ ನೇತುಹಾಕಿ ಮಾರುವಂಥ ಶ್ರೀಜೇಶ್ ಫಿಗರನ್ನು ಹುಡುಕುತ್ತಾ ಕೂರಬೇಡಿ. ನಮ್ಮ ಹಾಕಿಗೆ ಅಂಥ ಸರಣಿ ಹುಟ್ಟಿಕೊಂಡಿಲ್ಲ. ಹಾಗಂತ ಶ್ರೀಜೇಶ್ ನಿಮ್ಮ ಕಪಾಟಿಗೆ ಬರುವುದೇ ಇಲ್ಲ ಅಂತಲ್ಲ. ಮಾಡಿಸಿಕೊಳ್ಳಬೇಕು, ಇಲ್ಲವೇ ನೀವೇ ಕೂತು ಮಾಡಬೇಕು. ಅದು ಈ ಹವ್ಯಾಸದ ಅತ್ಯಂತ ಖುಷಿಯ ಭಾಗ. ಕೊನೆಗೆ ವಿವರವಾಗಿ ಬರೆದಿದ್ದೇನೆ.

ಯಾಕೆ ಹುಟ್ಟಲಿಲ್ಲ ಎಂಬುದು ಗೊತ್ತಿದ್ದರೆ ಒಳ್ಳೆಯದು. ಈ ಬೊಂಬೆಗಳ ಹಿಂದೆ ದೊಡ್ಡ ಲೈಸೆನ್ಸ್ ವ್ಯವಹಾರ ಇದೆ. ಜೆರ್ಸಿ, ಲಾಂಛನ ಬಳಸಲು ಲೀಗ್‌ನ ಒಪ್ಪಿಗೆ ಬೇಕು. ಆಟಗಾರರ ಮುಖ, ಹೆಸರು ಬಳಸಲು ಅವರ ಕಡೆಯ ಒಪ್ಪಿಗೆ ಬೇಕು. ಐಸ್ ಹಾಕಿಯ ಎನ್‌ಎಚ್‌ಎಲ್ (ನ್ಯಾಷನಲ್ ಹಾಕಿ ಲೀಗ್) ಅಮೆರಿಕ, ಕೆನಡಾದಲ್ಲಿ 1917ರಿಂದ ನಡೆಯುತ್ತಿರುವ ಲೀಗ್. ಅಲ್ಲಿ ಆಟಗಾರರ ಸಂಘವೂ ಗಟ್ಟಿ ಇದೆ. ಎರಡು ಕಡೆ ಸಹಿ ಬಿದ್ದರೆ ನೂರಾರು ಆಟಗಾರರ ಫಿಗರ್ ಮಾಡಬಹುದು. ನಮ್ಮ ಹಾಕಿ ಇಂಡಿಯಾ ಲೀಗ್ 2013ರಲ್ಲಿ ಶುರುವಾಗಿ 2017ಕ್ಕೆ ನಿಂತಿತು, ಮತ್ತೆ ಎದ್ದದ್ದು 2024ರ ಡಿಸೆಂಬರಿನಲ್ಲಿ. ಪ್ಲಾಸ್ಟಿಕ್ ಬೊಂಬೆಗೆ ಉಕ್ಕಿನ ಅಚ್ಚು ಕೊರೆಸಬೇಕು. ಅದಕ್ಕೆ ಹಾಕಿದ ದುಡ್ಡು ಸಾವಿರಗಟ್ಟಲೆ ಬೊಂಬೆ ಮಾರಿದರೆ ಮಾತ್ರ ವಾಪಸ್. ನಡುವೆ ಅಷ್ಟು ವರ್ಷ ಮಲಗಿದ್ದ ಲೀಗನ್ನು ನಂಬಿ ಯಾವ ಕಂಪನಿ ಅಚ್ಚು ಮಾಡಿಸೀತು?

ಇನ್ನು ಗ್ರೆಟ್ಸ್ಕಿ. ಈ ಆಟಗಾರನಿಂದ ಶುರುವಾದದ್ದು ನಿಮ್ಮ ಅದೃಷ್ಟವೇ. 1983ರಲ್ಲೇ ಮ್ಯಾಟೆಲ್ ಕಂಪನಿ ಗ್ರೆಟ್ಸ್ಕಿಯ ಬೊಂಬೆ ತಂದಿತ್ತು. ಬಟ್ಟೆಯ ಜೆರ್ಸಿ ತೊಡಿಸಿದ ಬೊಂಬೆ ಅದು. 1988ರಲ್ಲಿ ಕೆನ್ನರ್ ಕಂಪನಿ ಸ್ಟಾರ್ಟಿಂಗ್ ಲೈನಪ್ ಎಂಬ ಸರಣಿ ಶುರು ಮಾಡಿತು. ಅದರ ಯೋಚನೆ ಪ್ಯಾಟ್ ಮ್ಯಾಕಿನಲಿ ಎಂಬ ಮಾಜಿ ಅಮೆರಿಕನ್ ಫುಟ್‌ಬಾಲ್ ಆಟಗಾರನದು. ಸುಮಾರು 4 ಇಂಚಿನ ಬೊಂಬೆ, ಜೊತೆಗೆ ಆಟಗಾರನ ಒಂದು ಕಾರ್ಡ್. ಆ ಸರಣಿಗೆ ಹಾಕಿ ಬಂದದ್ದು 1993ರಲ್ಲಿ, ನಿಂತದ್ದು 2001ರಲ್ಲಿ. ಅಷ್ಟರಲ್ಲಿ ಟಾಡ್ ಮ್ಯಾಕ್‌ಫಾರ್ಲೇನ್ ಬಂದಿದ್ದರು. ಕ್ಯಾಲ್ಗರಿಯಲ್ಲಿ ಹುಟ್ಟಿದ ಕಾಮಿಕ್ಸ್ ಕಲಾವಿದ, ಹಾಕಿ ಅಭಿಮಾನಿ. ಅವರ ಕಂಪನಿಯ 6 ಇಂಚಿನ ಫಿಗರ್‌ಗಳಲ್ಲಿ ಜೆರ್ಸಿಯ ಮಡಿಕೆ, ಮುಖದ ಗಡ್ಡ, ಸ್ಕೇಟ್‌ನ ಲೇಸ್ ಎಲ್ಲ ಕಾಣುತ್ತದೆ. ಕೈಕಾಲು ಮಾತ್ರ ಜಾಸ್ತಿ ಅಲ್ಲಾಡುವುದಿಲ್ಲ. ಅವು ಆಡಿಸುವ ಬೊಂಬೆಗಿಂತ ಸಣ್ಣ ಶಿಲ್ಪಕ್ಕೇ ಹತ್ತಿರ. ನನಗೆ ಅದೇ ಇಷ್ಟ.

ನಿಮಗೆ ಮುಖ್ಯವಾಗಿ ಹೇಳಬೇಕಾದ ಮಾತು ಇದು: ಕಂಪನಿಯ ಸರಣಿಯನ್ನು ಭರ್ತಿ ಮಾಡಲು ಹೋಗಬೇಡಿ. ಒಬ್ಬ ಆಟಗಾರನನ್ನು ಹಿಡಿಯಿರಿ, ಆ ಆಟಗಾರನ ಆಟದ ಬದುಕನ್ನು ಕೂಡಿಡಿ. ಸರಣಿಯ ಬೆನ್ನು ಹತ್ತಿದರೆ ಗೊತ್ತಿಲ್ಲದ ಆಟಗಾರರಿಗೆಲ್ಲ ದುಡ್ಡು ಸುರಿಯುತ್ತೀರಿ. ಗ್ರೆಟ್ಸ್ಕಿ ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ನಾಲ್ಕು ತಂಡಗಳಿಗೆ. 1988ರವರೆಗೆ ಎಡ್ಮಂಟನ್ ಆಯಿಲರ್ಸ್, ಆಮೇಲೆ 1996ರವರೆಗೆ ಲಾಸ್ ಏಂಜಲೀಸ್ ಕಿಂಗ್ಸ್, ನಡುವೆ ಕೆಲವೇ ತಿಂಗಳು ಸೇಂಟ್ ಲೂಯಿಸ್ ಬ್ಲೂಸ್, ಕೊನೆಗೆ 1999ರವರೆಗೆ ನ್ಯೂಯಾರ್ಕ್ ರೇಂಜರ್ಸ್. ಒಂದೊಂದು ಜೆರ್ಸಿಯಲ್ಲಿ ಒಂದೊಂದು ಒಳ್ಳೆಯ ಫಿಗರ್ ಇದ್ದರೆ ಸಾಕು, ಇಡೀ ಕಥೆ ಕಪಾಟಿನಲ್ಲಿ ಇರುತ್ತದೆ. ಯಾವುದು ಮೊದಲು ಅಂತ ಕೇಳಿದರೆ ನಾನು ಆಯಿಲರ್ಸ್ ಎನ್ನುತ್ತೇನೆ. ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ಪನ್ನು ನಾಲ್ಕು ಸಲ ಗೆದ್ದದ್ದು ಅಲ್ಲೇ.

ಫಿಗರ್ ಚೆನ್ನಾಗಿದೆಯೋ ಇಲ್ಲವೋ ನೋಡುವುದು ಹೇಗೆ? ಮುಖ ಹೋಲುತ್ತದೆಯೇ ಎಂದು ಎಲ್ಲರೂ ಮೊದಲು ಮುಖ ನೋಡುತ್ತಾರೆ. ನಮ್ಮ ಕಾಸರಗೋಡಿನ ಯಕ್ಷಗಾನ ಬೊಂಬೆಯಾಟ ನೆನಪು ಮಾಡಿಕೊಳ್ಳಿ. ದೂರದಿಂದ ಬೊಂಬೆಯ ಮೂಗು ಕಣ್ಣು ಯಾರಿಗೆ ಕಾಣುತ್ತದೆ? ಕಿರೀಟ, ನಿಲುವು, ಬಣ್ಣ ನೋಡಿಯೇ ಪಾತ್ರ ಯಾವುದೆಂದು ಹೇಳುತ್ತೇವೆ. ಹಾಕಿ ಫಿಗರ್ ಕೂಡ ಹಾಗೆಯೇ. ಗ್ರೆಟ್ಸ್ಕಿ ಎಡಗಡೆಯಿಂದ ಹೊಡೆಯುವ ಆಟಗಾರ. ಹಾಗಾಗಿ ಸ್ಟಿಕ್ಕಿನ ಮೇಲ್ತುದಿಯಲ್ಲಿ ಬಲಗೈ, ಕೆಳಗೆ ಎಡಗೈ ಇರಬೇಕು. ಜೆರ್ಸಿಯ ಒಂದು ಬದಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸುವುದು ಅವನ ಅಭ್ಯಾಸ. ಶಿಲ್ಪಿ ಅದನ್ನು ಗಮನಿಸಿದ್ದಾನಾ ನೋಡಿ. ಹೆಲ್ಮೆಟ್ ಜೋಫಾ ಕಂಪನಿಯ ಸರಳ, ದುಂಡನೆಯ ಮಾದರಿ ಆಗಿರಬೇಕು. ಎಡ್ಮಂಟನ್ ಕಾಲದ ಫಿಗರ್ ಆದರೆ ಕೈಯಲ್ಲಿ ಟೈಟನ್ ಎಂಬ ಬ್ರಾಂಡಿನ ಸ್ಟಿಕ್ ಇರಬೇಕು. ಈಸ್ಟನ್ ಕಂಪನಿಯ ಬೆಳ್ಳಿ ಬಣ್ಣದ ಅಲ್ಯುಮಿನಿಯಂ ಸ್ಟಿಕ್ ಬಂದದ್ದು ಲಾಸ್ ಏಂಜಲೀಸ್ ಕಾಲದಲ್ಲಿ. ಬೆನ್ನ ಮೇಲಿನ 99 ಅಂಕಿಯ ಅಂಚು ಬೆಳಕಿಗೆ ಹಿಡಿದರೂ ಚೊಕ್ಕವಾಗಿರಬೇಕು. ಆ ಸಂಖ್ಯೆಯನ್ನು 2000ದಲ್ಲಿ ಇಡೀ ಲೀಗಿನಲ್ಲೇ ನಿವೃತ್ತಿ ಮಾಡಿದ್ದಾರೆ.

ನಕಲಿ, ಕಲಬೆರಕೆ ಬಗ್ಗೆ ಎರಡೇ ಮಾತು. ಮ್ಯಾಕ್‌ಫಾರ್ಲೇನ್ ಸರಣಿಯಲ್ಲಿ ಅದೇ ಅಚ್ಚಿಗೆ ಬೇರೆ ಜೆರ್ಸಿಯ ಬಣ್ಣ ಹಾಕಿದ ಕಡಿಮೆ ಸಂಖ್ಯೆಯ ವೇರಿಯಂಟ್‌ಗಳು ಇರುತ್ತವೆ, ಬೆಲೆಯೂ ಜಾಸ್ತಿ. ಸಾಮಾನ್ಯ ಫಿಗರಿಗೆ ಮನೆಯಲ್ಲೇ ಬಣ್ಣ ಬಳಿದು ವೇರಿಯಂಟ್ ಎಂದು ಮಾರುವವರಿದ್ದಾರೆ. ಪ್ಯಾಕ್ ಒಡೆಯದೆ ಇದ್ದರೆ ಪ್ಲಾಸ್ಟಿಕ್ ಗುಳ್ಳೆ ರಟ್ಟಿಗೆ ಅಂಟಿದ ಅಂಚನ್ನು ಸುತ್ತ ನೋಡಿ. ಒಂದು ಕಡೆ ರಟ್ಟಿನ ಪದರ ಎದ್ದಿದ್ದರೆ, ಅಂಟು ಹೊಳೆಯುತ್ತಿದ್ದರೆ ಬಿಚ್ಚಿ ಮತ್ತೆ ಅಂಟಿಸಿದ್ದಾರೆ ಅಂತಲೇ ಅರ್ಥ.

ಪ್ಯಾಕ್ ಬಿಚ್ಚಬಹುದಾ ಅಂದಿರಿ. ಬಿಚ್ಚಿ. ನಮ್ಮ ಕರಾವಳಿಯಲ್ಲಿ ಮೊದಲು ಹಾಳಾಗುವುದೇ ಆ ರಟ್ಟು. ಎರಡು ಮಳೆಗಾಲದಲ್ಲಿ ಬಾಗುತ್ತದೆ, ಅಂಚಿನಲ್ಲಿ ಕಂದು ಚುಕ್ಕಿ ಬೀಳುತ್ತದೆ, ಬೆಳ್ಳಿಮೀನು ಎನ್ನುವ ಹುಳ ಅಂಟನ್ನು ನೆಕ್ಕಿ ತಿನ್ನುತ್ತದೆ. ಕೆನಡಾದ ಒಣ ಮನೆಯಲ್ಲಿ ಮೂವತ್ತು ವರ್ಷ ಹೊಸದಾಗಿಯೇ ಉಳಿಯುವ ಪ್ಯಾಕ್ ಪೆರ್ಲದಲ್ಲಿ ಉಳಿಯುವುದು ಕಷ್ಟ. ಅದನ್ನು ಕಾಯುವ ಚಿಂತೆಯಲ್ಲಿ ಫಿಗರಿನ ಬೆನ್ನನ್ನೂ ನೋಡದೆ ಇಡುವುದು ಯಾಕೆ? ಕೆಳಗಿನ ಅಂಚಿನಿಂದ ಬ್ಲೇಡ್ ಹಾಕಿ ಗುಳ್ಳೆಯನ್ನು ನಿಧಾನ ಬಿಡಿಸಿ. ರಟ್ಟನ್ನು ಪಾಲಿಪ್ರೊಪಿಲೀನ್ ಕವರಿನಲ್ಲಿ ಇಡಿ. ಪಿವಿಸಿ ಕವರ್ ಬೇಡ, ಅದು ರಟ್ಟಿನ ಮೇಲಿನ ಮುದ್ರಣಕ್ಕೆ ಅಂಟಿಕೊಳ್ಳುತ್ತದೆ.

ಬೆಲೆ ಬರುತ್ತದಾ? ಬಹುತೇಕ ಇಲ್ಲ. ಸ್ಟಾರ್ಟಿಂಗ್ ಲೈನಪ್ ಕಾಲದಲ್ಲಿ ಮುಂದೆ ಬೆಲೆ ಬರುತ್ತದೆಂದು ಜನ ರಾಶಿ ರಾಶಿ ಕೊಂಡು ಪ್ಯಾಕ್ ಸಮೇತ ಇಟ್ಟರು. ಎಲ್ಲರೂ ಇಟ್ಟ ಕಾರಣ ಯಾವುದೂ ಅಪರೂಪ ಆಗಲಿಲ್ಲ. ಇವತ್ತಿಗೂ ಅವುಗಳಲ್ಲಿ ಹೆಚ್ಚಿನವು ಅಗ್ಗವಾಗಿಯೇ ಸಿಗುತ್ತವೆ. ಕೂಡಿಡುವವರಿಗೆ ಇದು ಒಳ್ಳೆಯ ಸುದ್ದಿಯೇ ಅಲ್ವಾ? ಲಾಭಕ್ಕೆ ಅಂತಾದರೆ ಆ ದುಡ್ಡನ್ನು ಬೇರೆಲ್ಲಾದರೂ ಹಾಕಿ.

ತರಿಸುವುದು ಹೇಗೆ? ಆಟಿಕೆಗಳ ಆಮದು ಸುಂಕವನ್ನು ಸರ್ಕಾರ 2020ರಲ್ಲಿ 20ರಿಂದ 60 ಪರ್ಸೆಂಟಿಗೆ, 2023ರಲ್ಲಿ 70ಕ್ಕೆ ಏರಿಸಿತು. ಮನೆಬಳಕೆಯ ಪಾರ್ಸೆಲ್ಲಿನ ಲೆಕ್ಕ ಬೇರೆ, ಆದರೂ ಗಿಫ್ಟ್ ಎಂದು ಬರೆದರೆ ಸುಂಕವೇ ಇಲ್ಲ ಎನ್ನುವ ಕಾಲ 2019ಕ್ಕೇ ಮುಗಿದಿದೆ. ಅದರ ಮೇಲೆ ಅಂಚೆ ಖರ್ಚು ಬೊಂಬೆಗಿಂತ ದುಬಾರಿ. ಅತ್ತೆಯ ಮಗನ ಮನೆಗೇ ಒಂದೊಂದಾಗಿ ತರಿಸಿ ಇಡಲಿ. ಮಂಗಳೂರಿಗೋ ಕಣ್ಣೂರಿಗೋ ಇಳಿಯುವಾಗ ಸುಂಕವಿಲ್ಲದ ಮಿತಿಯೊಳಗೆ ತನ್ನ ಬ್ಯಾಗಿನಲ್ಲೇ ತರಲಿ. ಸ್ಟಿಕ್ ಮತ್ತು ಸ್ಕೇಟ್‌ನ ಬ್ಲೇಡಿಗೆ ಮೆತ್ತನೆಯ ಬಟ್ಟೆ ಸುತ್ತಲು ಹೇಳಿ. ದಾರಿಯಲ್ಲಿ ಮುರಿಯುವುದು ಅವೆರಡೇ.

ಇನ್ನು ಮಳೆಗಾಲದ ಪ್ರಶ್ನೆ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಹೊರದೇಶದವರು ಬರೆದ ಸಲಹೆಗಳು ನಮ್ಮಲ್ಲಿ ಅರ್ಧ ಮಾತ್ರ ನಡೆಯುತ್ತವೆ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನ್, ಜುಲೈಯಲ್ಲಿ ಗಾಳಿಯ ತೇವಾಂಶ ದಿನವಿಡೀ 80 ಪರ್ಸೆಂಟಿನ ಮೇಲೆಯೇ ಇರುತ್ತದೆ. 65 ದಾಟಿ ಹಾಗೇ ನಿಂತರೆ ಬೂಸ್ಟು ಹಿಡಿಯಲು ಶುರು. ನಮಗೆ ಬೇಕಾದದ್ದು 45ರಿಂದ 55ರ ನಡುವೆ. ಕೆಲವು ನೂರು ರೂಪಾಯಿಗೆ ಸಿಗುವ ಸಣ್ಣ ತೇವಮಾಪಕ ಒಂದನ್ನು ಕೊಳ್ಳಿ. ಎರಡನೆಯ ಫಿಗರ್ ಕೊಳ್ಳುವ ಮೊದಲು ಇದನ್ನು ಕೊಳ್ಳಿ.

ಈ ಫಿಗರ್‌ಗಳ ಮೆತ್ತನೆಯ ಭಾಗ ಹೆಚ್ಚಾಗಿ ಪಿವಿಸಿ. ಅದು ಬಾಗುವ ಹಾಗೆ ಇರಲಿ ಎಂದು ಎಣ್ಣೆಯಂಥ ಒಂದು ರಾಸಾಯನಿಕ ಸೇರಿಸಿರುತ್ತಾರೆ, ಪ್ಲಾಸ್ಟಿಸೈಜರ್ ಅಂತ. ಸೆಕೆಯಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ ವರ್ಷಗಟ್ಟಲೆ ಇಟ್ಟರೆ ಅದು ಮೇಲಕ್ಕೆ ಬೆವರುತ್ತದೆ. ಮುಟ್ಟಿದರೆ ಬೆರಳಿಗೆ ಅಂಟಂಟು, ಅದರ ಮೇಲೆ ಧೂಳು ಕೂರುತ್ತದೆ, ಬೂಸ್ಟು ಕೂಡ ಅಲ್ಲೇ ಬೇರೂರುತ್ತದೆ. ಹಾಗಾಗಿ ನಮಗೆ ಎರಡು ಬೇರೆ ಬೇರೆ ವ್ಯವಸ್ಥೆ ಬೇಕು. ಅಕ್ಟೋಬರಿನಿಂದ ಮೇವರೆಗೆ ಫಿಗರ್ ಗಾಳಿಯಾಡುವ ಕಪಾಟಿನಲ್ಲಿ ಇರಲಿ, ಬಿಸಿಲು ಮಾತ್ರ ನೇರ ಬೀಳದಿರಲಿ. ಬಿಸಿಲು ಬಿದ್ದರೆ ಬಿಳಿ ಜೆರ್ಸಿ ಹಳದಿಯಾಗುತ್ತದೆ, ಆಯಿಲರ್ಸ್‌ನ ಕಿತ್ತಳೆ ಬಣ್ಣ ಮಸುಕಾಗುತ್ತದೆ. ಪತ್ತನಾಜೆ ಹೊತ್ತಿಗೆ, ಅಂದರೆ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಒಣ ದಿನ ನೋಡಿ ರಬ್ಬರ್ ಅಂಚಿನ ಡಬ್ಬಿಗೆ ಹಾಕಿ. ಒಳಗೆ ಸಿಲಿಕಾ ಜೆಲ್ ಇಡಿ. ಮೂವತ್ತು ಲೀಟರ್ ಡಬ್ಬಿಗೆ ಕಾಲು ಕಿಲೋ ಬೇಕು. ಕಿತ್ತಳೆ ಬಣ್ಣದ ಕಾಳು ತೇವ ಕುಡಿದು ಹಸಿರಾದಾಗ ತೆಗೆದು, ಒಲೆಯಲ್ಲಿ ಸಣ್ಣ ಉರಿಗೆ ಒಣಗಿಸಿ ಮತ್ತೆ ಬಳಸಬಹುದು. ನೀಲಿ ಕಾಳಿನಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಅದು ಬೇಡ. ಅಕ್ಕಿ ಹಾಕಿದರೆ ಸಾಕು ಎನ್ನುವವರ ಮಾತು ಕೇಳಬೇಡಿ, ಹುಳ ಬರುತ್ತದೆ.

ಮನೆಯಲ್ಲಿ ಅಜ್ಜಿಯೋ ಅಮ್ಮನೋ ಪ್ರೀತಿಯಿಂದ ಕಪಾಟಿಗೆ ನುಸಿಗುಳಿಗೆ ಹಾಕುತ್ತಾರೆ, ಕೆಲವರು ಕರ್ಪೂರ ಇಡುತ್ತಾರೆ. ರೇಷ್ಮೆ ಸೀರೆಗೆ ಸರಿ, ಫಿಗರಿಗೆ ಖಂಡಿತ ಬೇಡ. ಎರಡರ ಆವಿಯೂ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಬಲ್ಲದು, ಬಣ್ಣ ಎದ್ದು ಬರುತ್ತದೆ. ಹಂಚಿನ ಮನೆಯ ಅಟ್ಟವೂ ಬೇಡ. ಮಾರ್ಚ್, ಏಪ್ರಿಲಿನ ಮಧ್ಯಾಹ್ನ ಹಂಚಿನ ಕೆಳಗಿನ ಕಾವಿಗೆ ಕಾಲು ಬಾಗಿ ಫಿಗರ್ ಮುಂದಕ್ಕೆ ವಾಲುತ್ತದೆ. ವಾಲಿದರೆ ಗಾಬರಿ ಬೇಡ. ಕುದಿಯದ, ಆದರೆ ಕೈಗೆ ಚುರುಕ್ ಎನ್ನುವಷ್ಟು ಬಿಸಿ ನೀರಲ್ಲಿ ಕಾಲನ್ನು ಒಂದು ನಿಮಿಷ ಅದ್ದಿ, ನೇರ ಮಾಡಿ ಹಿಡಿದು, ಹಾಗೆಯೇ ತಣ್ಣೀರಿಗೆ ಇಳಿಸಿ. ಅಂಟಾದರೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ, ಉಗುರುಬೆಚ್ಚಗಿನ ನೀರು, ಮೆದು ಬ್ರಷ್. ಥಿನ್ನರ್, ಪೆಟ್ರೋಲ್, ನೈಲ್ ಪಾಲಿಶ್ ತೆಗೆಯುವ ದ್ರವ ಮುಟ್ಟಿಸಲೇಬೇಡಿ. ಕಪಾಟನ್ನು ಗೋಡೆಗೆ ತಾಗಿಸಿ ಇಡಬೇಡಿ, ಮಳೆಗಾಲದಲ್ಲಿ ಗೋಡೆಯೇ ನೀರು ಬಿಡುತ್ತದೆ.

ಇನ್ನು ಶ್ರೀಜೇಶ್. ಈ ಭಾಗವನ್ನು ಬರೆಯಲು ನನಗೇ ಆಸೆ ಇತ್ತು.

ಯಾವ ಕ್ಷಣವನ್ನು ಮಾಡಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ನನ್ನನ್ನು ಕೇಳಿದರೆ 2021ರ ಆಗಸ್ಟ್ 5, ಟೋಕಿಯೋ ಒಲಿಂಪಿಕ್ಸಿನ ಕಂಚಿನ ಪಂದ್ಯ. ಜರ್ಮನಿ ಎದುರು ಭಾರತ 5–4ರಲ್ಲಿ ಮುಂದಿದೆ. ಮುಗಿಯಲು ಏಳು ಸೆಕೆಂಡ್ ಕೂಡ ಇಲ್ಲ, ಜರ್ಮನಿಗೆ ಪೆನಾಲ್ಟಿ ಕಾರ್ನರ್. ಶ್ರೀಜೇಶ್ ತಡೆದರು. 1980ರ ಮಾಸ್ಕೋ ನಂತರ 41 ವರ್ಷಕ್ಕೆ ಹಾಕಿಯಲ್ಲಿ ಪದಕ ಬಂತು. ಆಮೇಲೆ ಅವರು ಗೋಲ್ ಕಂಬವನ್ನೇ ಹತ್ತಿ ಮೇಲೆ ಕುಳಿತರು. ಆ ಕುಳಿತ ಭಂಗಿ ಮಾಡಿ. ನಿಂತ ಭಂಗಿಯ ಬೊಂಬೆ ಯಾವ ಗೋಲ್‌ಕೀಪರ್ ಕೂಡ ಆಗಬಹುದು. ಕಂಬದ ಮೇಲೆ ಕುಳಿತವರು ಯಾರೆಂದು ಹಾಕಿ ನೋಡುವ ಯಾರಿಗೂ ಹೇಳಬೇಕಾಗಿಲ್ಲ.

ಅಳತೆ 1:12 ಇಟ್ಟುಕೊಳ್ಳಿ. ಆರಡಿ ಆಳು ಆರು ಇಂಚು ಆಗುತ್ತಾನೆ, ನಿಮ್ಮ ಗ್ರೆಟ್ಸ್ಕಿ ಜೊತೆಗೆ ಹೊಂದುತ್ತದೆ. ಹಾಕಿ ಗೋಲ್ 3.66 ಮೀಟರ್ ಅಗಲ, 2.14 ಮೀಟರ್ ಎತ್ತರ. ಈ ಲೆಕ್ಕದಲ್ಲಿ 30.5 ಸೆಂಟಿಮೀಟರ್ ಅಗಲ, 17.8 ಸೆಂಟಿಮೀಟರ್ ಎತ್ತರ. ಕೆಳಗಿನ ಹಲಗೆ ನಿಜದಲ್ಲಿ 46 ಸೆಂಟಿಮೀಟರ್, ಇಲ್ಲಿ 3.8. ಗೋಲ್‌ಕೀಪರನ 36 ಇಂಚಿನ ಸ್ಟಿಕ್ 3 ಇಂಚು. ಕಂಬಕ್ಕೆ ಚೌಕ ಅಲ್ಯುಮಿನಿಯಂ ಕೊಳವೆ, ಬಲೆಗೆ ಹಳೆಯ ಸೊಳ್ಳೆಪರದೆ ಸಾಕು.

ಇಲ್ಲೊಂದು ಎಚ್ಚರ. ಹೇಳಿದ ಹಾಗೆ ಫಿಗರನ್ನು 3ಡಿ ಪ್ರಿಂಟ್ ಮಾಡಿಕೊಡುವವರು ಐಸ್ ಹಾಕಿ ಗೋಲ್‌ಕೀಪರನ 3ಡಿ ಮಾದರಿಯನ್ನೇ ತೆಗೆದು ಬಣ್ಣ ಬದಲಿಸಿ ಕೊಡುವುದುಂಟು. ಒಪ್ಪಬೇಡಿ. ಐಸ್ ಹಾಕಿಯಲ್ಲಿ ಒಂದು ಕೈಯಲ್ಲಿ ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ಹಿಡಿಯುವ ಬೊಗಸೆಯಂಥ ಗ್ಲೌಸ್ ಇರುತ್ತದೆ. ನಮ್ಮಲ್ಲಿ ಚೆಂಡು ಹಿಡಿಯುವಂತಿಲ್ಲ. ಎಡಗೈಗೆ ಚಪ್ಪಟೆ ಹಲಗೆಯಂಥ ಪ್ಯಾಡ್, ಬಲಗೈಗೆ ಸ್ಟಿಕ್ ಹಿಡಿಯುವ ಪ್ಯಾಡ್. ಪಾದಕ್ಕೆ ಕಿಕ್ಕರ್ ಎನ್ನುವ ದಪ್ಪ ಪ್ಯಾಡ್. ಸ್ಟಿಕ್ಕಿನ ಚಪ್ಪಟೆ ಮುಖ ಎಡಬದಿಗೇ ಇರಬೇಕು, ನಮ್ಮ ಹಾಕಿಯಲ್ಲಿ ಎಡಗೈಯವರಿಗೂ ಬೇರೆ ಸ್ಟಿಕ್ ಇಲ್ಲ. ಇವನ್ನೆಲ್ಲ ಫೋಟೋ ನೋಡಿ ಕಲಿಯುವುದಕ್ಕಿಂತ ಹತ್ತಿರದಿಂದ ನೋಡಿ. ಪಾಣತ್ತೂರು ದಾಟಿದರೆ ಕೊಡಗು. ಅಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಶುರುವಾದದ್ದು, ಬೇಸಿಗೆಯಲ್ಲಿ ನಡೆಯುತ್ತದೆ. ಹೋಗಿ, ಆಟ ಮುಗಿದ ಮೇಲೆ ಯಾರಾದರೂ ಗೋಲ್‌ಕೀಪರನ್ನು ಕೇಳಿ ಪ್ಯಾಡಿನ ಮುಂದೆ, ಹಿಂದೆ, ಪಟ್ಟಿ ಕಟ್ಟುವ ಜಾಗ ಎಲ್ಲ ಫೋಟೋ ತೆಗೆದುಕೊಳ್ಳಿ. ಪಟ್ಟಿ ಸರಿ ಬಂದರೆ ಫಿಗರಿಗೆ ಜೀವ ಬರುತ್ತದೆ.

3ಡಿ ಪ್ರಿಂಟ್ ಮಾಡಿಸುವಾಗ ರೆಸಿನ್ (ಗಟ್ಟಿಯಾಗುವ ರಾಳ) ಹೇಳಿ, ಮುಖದ ವಿವರ ಅದರಲ್ಲೇ ಚೆನ್ನಾಗಿ ಬರುತ್ತದೆ. ಆದರೆ ರೆಸಿನ್ ಗಾಜಿನ ಸ್ವಭಾವದ್ದು. ತೆಳ್ಳಗಿನ ಸ್ಟಿಕ್ ಬಿದ್ದ ಕೂಡಲೇ ತುಂಡಾಗುತ್ತದೆ. ಸ್ಟಿಕ್ಕನ್ನು ಹಿತ್ತಾಳೆ ತಂತಿಯ ಮೇಲೆ ಬೇರೆಯಾಗಿ ಮಾಡಿ. ಮೊದಲು ಪ್ರೈಮರ್, ಮೇಲೆ ಅಕ್ರಿಲಿಕ್ ಬಣ್ಣ ತೆಳು ಪದರಗಳಲ್ಲಿ, ಕೊನೆಗೆ ಹೊಳಪಿಲ್ಲದ ವಾರ್ನಿಶ್. ಜೆರ್ಸಿ, ಪ್ಯಾಡಿನ ಬಣ್ಣ ಆ ದಿನದ ಫೋಟೋ ನೋಡಿಯೇ ಹಾಕಿ. ಬೆನ್ನಿನ 16 ಅಂಕಿಯನ್ನು ಕೈಯಲ್ಲಿ ಬರೆಯಬೇಡಿ, ನೀರಲ್ಲಿ ಅದ್ದಿ ಅಂಟಿಸುವ ಡೆಕಾಲ್ ಮಾಡಿಸಿ. 2024ರಲ್ಲಿ ಪ್ಯಾರಿಸ್ ಕಂಚಿನ ನಂತರ ಹಾಕಿ ಇಂಡಿಯಾ ಸೀನಿಯರ್ ತಂಡದಲ್ಲಿ ಆ ಸಂಖ್ಯೆಯನ್ನೇ ನಿವೃತ್ತಿ ಮಾಡಿತು, ಅದು ವಕ್ರವಾಗಿ ಇರಬಾರದು. ನಿಮಗಾಗಿ ಒಂದು ಮಾಡಿಕೊಳ್ಳಿ, ಮಾರಲು ಮಾತ್ರ ಹೋಗಬೇಡಿ. ಮುಖ, ಹೆಸರು ಅವರದು.

ಕೈ ಪಳಗಿದ ಮೇಲೆ ಮ್ಯಾನುಯೆಲ್ ಫ್ರೆಡರಿಕ್ ಮಾಡಿ. ಪಕ್ಕದ ಕಣ್ಣೂರಿನವರು, 1972ರ ಮ್ಯೂನಿಕ್ ಕಂಚಿನ ತಂಡದ ಗೋಲ್‌ಕೀಪರ್, ಕೇರಳಕ್ಕೆ ಮೊದಲ ಒಲಿಂಪಿಕ್ ಪದಕ ತಂದವರು. ಹೆಲ್ಮೆಟ್ ಇಲ್ಲದ ಕಾಲ ಅದು, ಮುಖ ಪೂರ್ತಿ ಕಾಣಬೇಕು. ಹಾಗಾಗಿ ಎರಡನೆಯ ಕೆಲಸವಾಗಿ ಇರಲಿ. ಪ್ಯಾಡ್ ಕೂಡ ಈಗಿನ ಫೋಮ್ ಥರದ್ದಲ್ಲ, ಹಳೆಯ ಫೋಟೋಗಳನ್ನು ದೊಡ್ಡದು ಮಾಡಿ ನೋಡಬೇಕು.

ಶ್ರೀಜೇಶರನ್ನು ಕಂಬಕ್ಕೆ ಅಂಟಿಸಿಬಿಡಬೇಡಿ. ಕೂರುವ ಜಾಗದಲ್ಲಿ ಒಂದು ಪುಟ್ಟ ಆಯಸ್ಕಾಂತ ಹುದುಗಿಸಿ, ಅಡ್ಡಕಂಬದೊಳಗೆ ಒಂದು ಕಬ್ಬಿಣದ ತುಂಡು ಸಿಕ್ಕಿಸಿ. ಆಗ ಜೂನ್ ಬಂದಾಗ ಕೆಳಗಿಳಿಸಿ ಡಬ್ಬಿಗೆ ಹಾಕಬಹುದು. ಗೋಲ್ ಕೂಡ ಒಳಗೆ ಹೋಗಬೇಕೆಂದಿದ್ದರೆ ಡಬ್ಬಿಯ ಒಳಅಗಲ 32 ಸೆಂಟಿಮೀಟರ್ ಆದರೂ ಇರಬೇಕು. ಟೇಪ್ ಹಿಡಿದುಕೊಂಡೇ ಅಂಗಡಿಗೆ ಹೋಗಿ.